ಪದಚರ್ಚೆ: ಎಳೆ ನಕ್ಷತ್ರದ ಸುತ್ತಲಿನ ‘ಡಿಸ್ಕ್’ – ತಟ್ಟೆ ಅನ್ನೋಣವೇ, ಕಣ ಅನ್ನೋಣವೇ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದೇ ಒಂದು ಪದಕ್ಕಾಗಿ ಹದಿನೈದು ದಿನದಿಂದ ತಿಣುಕಾಡುತ್ತಿದ್ದೇನೆ. ನನ್ನ ಅಕ್ಕನ ಮಗಳು ಹೊಳಲ್ಕೆರೆ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರ್. ನಕ್ಷತ್ರಗಳು ಹುಟ್ಟುವ ಬಗೆಯನ್ನು ಸಂಶೋಧನೆ ಮಾಡುವ ಖಗೋಳ ವಿಜ್ಞಾನಿಯೊಬ್ಬರ ಇಂಗ್ಲಿಷ್ ಉಪನ್ಯಾಸ ಅವಳಿಗೆ ತುಂಬಾ ಹಿಡಿಸಿದೆ. ಅದನ್ನು ಮಕ್ಕಳಿಗೆ ಕನ್ನಡದಲ್ಲಿ ಹೇಳುವ ಆಸೆ. “ಮಾಮ, ನೀನು ಹೆಂಗೂ ಮನೇಲೇ ಇರ್ತೀಯಲ್ಲ, ಕನ್ನಡ ಮಾಡಿಕೊಡು” ಅಂದಳು. ದಾವಣಗೆರೆಯಲ್ಲಿ ಪಿಂಚಣಿ ಎಣಿಸಿಕೊಂಡು ಕೂತವನಿಗೆ ಇದೇನು ಮಹಾ ಅನ್ನಿಸಿ ಒಪ್ಪಿಕೊಂಡೆ. ಆ ಉಪನ್ಯಾಸದಲ್ಲಿ ನಿಮಿಷಕ್ಕೆರಡು ಸಲ ‘ಡಿಸ್ಕ್’ ಬರುತ್ತದೆ. ಅಲ್ಲೇ ಸಿಕ್ಕಿಹಾಕಿಕೊಂಡೆ.

ಮೊದಲು ವಸ್ತು ಯಾವುದು ಅಂತ ಹೇಳಿಬಿಡುತ್ತೇನೆ. ಬಾನಿನಲ್ಲಿ ಅಲ್ಲಲ್ಲಿ ಜಲಜನಕ ಮತ್ತು ಧೂಳಿನ ದೊಡ್ಡ ಮೋಡಗಳಿವೆ. ಸೊನ್ನೆಗಿಂತ ಸುಮಾರು 263 ಡಿಗ್ರಿ ಕೆಳಗಿನ ಚಳಿ ಅಲ್ಲಿ. ಮೋಡದ ಒಂದು ತುಂಡು ತನ್ನ ತೂಕಕ್ಕೆ ತಾನೇ ಕುಸಿಯತೊಡಗುತ್ತದೆ. ಅದಕ್ಕೆ ಮೊದಲೇ ಒಂಚೂರು ತಿರುಗು ಇರುತ್ತದೆ. ಕುಗ್ಗಿದಷ್ಟೂ ಆ ತಿರುಗು ಜೋರಾಗುತ್ತದೆ. ಮೇಲಿನಿಂದ ಬಿದ್ದದ್ದೂ ಕೆಳಗಿನಿಂದ ಬಂದದ್ದೂ ನಡುವೆ ಡಿಕ್ಕಿ ಹೊಡೆದು ಚಪ್ಪಟೆಯಾಗುತ್ತವೆ. ನಡುವಿನಲ್ಲಿ ನಕ್ಷತ್ರ, ಸುತ್ತ ಚಪ್ಪಟೆಯಾಗಿ ತಿರುಗುವ ಅನಿಲ ಮತ್ತು ಧೂಳು. ಗ್ರಹಗಳು ಕಟ್ಟಿಕೊಳ್ಳುವುದು ಇಲ್ಲೇ. ಧೂಳು ಅಂಟಿ ಹರಳು, ಹರಳು ಸೇರಿ ಕಲ್ಲು, ಆಮೇಲೆ ದುರ್ಗದ ಬಂಡೆಗಳಷ್ಟು, ಇನ್ನೂ ಆಮೇಲೆ ಊರಿನಷ್ಟು. ಸೂರ್ಯನ ಗ್ರಹಗಳು ಹೀಗೆ ಹುಟ್ಟಿರಬೇಕು ಅಂತ 1755ರಲ್ಲಿ ಕಾಂಟ್, 1796ರಲ್ಲಿ ಲಾಪ್ಲಾಸ್ ಬರೀ ತರ್ಕದಿಂದಲೇ ಹೇಳಿದ್ದರು. ಕಣ್ಣಿಗೆ ಕಾಣಲು 20ನೇ ಶತಮಾನದ ಕೊನೆಯವರೆಗೆ ಕಾಯಬೇಕಾಯಿತು.

ಈಗ ನನ್ನ ಪ್ರಯತ್ನಗಳು. ಇಂಗ್ಲಿಷಿನಲ್ಲಿ ಪೂರ್ತಿ ಹೆಸರು ‘ಪ್ರೋಟೋಪ್ಲಾನೆಟರಿ ಡಿಸ್ಕ್’. ‘ಪ್ರೋಟೋ’ ಅಂದರೆ ಪೂರ್ವ, ‘ಪ್ಲಾನೆಟ್’ ಅಂದರೆ ಗ್ರಹ ಅಂತ ಜೋಡಿಸಿ ‘ಪೂರ್ವಗ್ರಹ ತಟ್ಟೆ’ ಅಂತ ಬರೆದು ಕಳಿಸಿದೆ. ಫೋನಿನಲ್ಲಿ ಅವಳು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. “ಮಾಮ, ಪೂರ್ವಗ್ರಹ ಪೀಡಿತ ತಟ್ಟೆ ಅಂತ ಓದ್ತಾರೆ!” ನಿಜ ತಾನೇ. ‘ಆದಿಗ್ರಹ’ ಅಂತ ಬದಲಾಯಿಸಿದೆ. ಅದೂ ಜೋಯಿಸರ ಬಾಯಿಂದ ಬಂದಂತಿದೆ.

ಇನ್ನು ತಟ್ಟೆ. ಇದನ್ನು ಮಕ್ಕಳು ಥಟ್ಟನೆ ಹಿಡಿಯುತ್ತಾರೆ. ಆದರೆ ಬಾನಿನ ವಿಷಯದಲ್ಲಿ ‘ತಟ್ಟೆ’ ಅಂದ ಕೂಡಲೇ ‘ಹಾರುವ ತಟ್ಟೆ’ ನೆನಪಾಗಿ ಮಾತು ಅನ್ಯಗ್ರಹದವರ ಕಡೆ ಹೋಗುತ್ತದೆ. ‘ಬಿಲ್ಲೆ’ ನನಗಿಷ್ಟ, ಕುಂಟೆಬಿಲ್ಲೆಯ ಬಿಲ್ಲೆ. ಆದರೆ ಬಿಲ್ಲೆ ಅಂದರೆ ಕೈಯಲ್ಲಿ ಹಿಡಿಯುವ ಗಟ್ಟಿ ವಸ್ತು, ಇದು ಬಹುಪಾಲು ಗಾಳಿ. ತೂಕದಲ್ಲಿ ನೂರು ಪಾಲು ಅನಿಲಕ್ಕೆ ಒಂದು ಪಾಲು ಧೂಳು. ‘ಡಿಸ್ಕ್’ ಅಂತಲೇ ಬಿಡೋಣ ಅಂದರೆ ನಮ್ಮ ಬೀದಿಯಲ್ಲಿ ಡಿಸ್ಕ್ ಅಂದರೆ ಬೆನ್ನುಮೂಳೆಯಲ್ಲಿ ಜಾರುವುದು ಮಾತ್ರ.

ಗೆಳೆಯರೊಬ್ಬರು “ದಾವಣಗೆರೆಯವನು ನೀನು, ದೋಸೆ ಅನ್ನು” ಅಂದರು. ತಮಾಷೆಗೆ ಅಂದದ್ದಾದರೂ ಯೋಚಿಸಿದೆ. ನಮ್ಮ ಬೆಣ್ಣೆದೋಸೆ ನಡುವೆ ದಪ್ಪ, ಅಂಚಿಗೆ ತೆಳು. ಇದು ತದ್ವಿರುದ್ಧ: ನಕ್ಷತ್ರದ ಹತ್ತಿರ ತೆಳ್ಳಗಿದ್ದು, ದೂರ ಹೋದಂತೆ ಉಬ್ಬುತ್ತದೆ. ಆಕಾರದಲ್ಲಿ ಅಂಚೆತ್ತಿದ ಹರಿವಾಣಕ್ಕೆ ಹತ್ತಿರ. ‘ಹರಿವಾಣ’ ಒಳ್ಳೆಯ ಪದ. ಆದರೆ ತಿರುಗುವುದಿಲ್ಲ.

ತಿರುಗಬೇಕು. ಅದೇ ಮುಖ್ಯ. ತಿರುಗದಿದ್ದರೆ ಎಲ್ಲವೂ ನಕ್ಷತ್ರದೊಳಕ್ಕೆ ಬಿದ್ದುಹೋಗುತ್ತಿತ್ತು.

ಆಗ ನೆನಪಾದದ್ದು ಕಣ, ತೆನೆ ಒಕ್ಕುವ ಕಣ. ನಮ್ಮಜ್ಜನ ಊರಿನಲ್ಲಿ ಸಗಣಿ ಸಾರಿಸಿದ ದುಂಡನೆ ಕಣ, ನಡುವೆ ಮೇಟಿ ಕಂಬ, ಮೇಟಿಗೆ ಸಾಲಾಗಿ ಕಟ್ಟಿದ ಎತ್ತುಗಳ ಹಂತಿ. ಹಂತಿಪದ ಹಾಡಿಕೊಂಡು ರಾತ್ರಿಯೆಲ್ಲ ತುಳಿಸುತ್ತಿದ್ದರು. ಚಪ್ಪಟೆ ಇದೆ, ದುಂಡಗಿದೆ, ನಡುವೆ ಒಂದು ಆಧಾರ ಇದೆ, ಸುತ್ತ ತಿರುಗಾಟ ಇದೆ, ಧೂಳಂತೂ ಬೇಕಾದಷ್ಟಿದೆ. ಕೊನೆಗೆ ಅಲ್ಲಿ ರಾಶಿ ಆಗುತ್ತದೆ, ಇಲ್ಲಿ ಗ್ರಹ ಆಗುತ್ತದೆ. 2014ರಲ್ಲಿ ಚಿಲಿ ದೇಶದ ಅಟಕಾಮ ಮರುಭೂಮಿಯ ಆಲ್ಮಾ ದೂರದರ್ಶಕ ತೆಗೆದ ಚಿತ್ರ ನೋಡಿದ್ದೀರಾ? 5,000 ಮೀಟರ್ ಎತ್ತರದಲ್ಲಿ 66 ದೊಡ್ಡ ಡಿಶ್‌ಗಳು ಸೇರಿದ ದೂರದರ್ಶಕ ಅದು. ವೃಷಭ ರಾಶಿಯಲ್ಲಿ ಸುಮಾರು 450 ಬೆಳಕಿನ ವರ್ಷ ದೂರದ ಎಚ್‌ಎಲ್ ಟೌರಿ ಎಂಬ ನಕ್ಷತ್ರದ ಚಿತ್ರ. ಸುತ್ತ ಹೊಳೆಯುವ ಬಳೆಗಳು, ಅವುಗಳ ನಡುವೆ ಕಪ್ಪು ಗೆರೆಗಳು. ಎತ್ತುಗಳು ಸುತ್ತಿ ಸುತ್ತಿ ಮೂಡಿದ ಜಾಡಿನ ಹಾಗೇ ಇದೆ! ಈ ಜಾಡುಗಳಲ್ಲಿ ಗ್ರಹಗಳು ಧೂಳನ್ನು ಗುಡಿಸಿಕೊಂಡು ಹೋಗುತ್ತಿರಬಹುದು ಅಂತ ಬಹಳ ವಿಜ್ಞಾನಿಗಳ ಊಹೆ. ಪಿಡಿಎಸ್ 70 ಎಂಬ ಇನ್ನೊಂದು ನಕ್ಷತ್ರದ ಕಣದಲ್ಲಿ ಅಂಥದೇ ಖಾಲಿ ಜಾಗದೊಳಗೆ ಒಂದು ಗ್ರಹ ಇರುವುದು 2018ರಲ್ಲಿ ಚಿತ್ರದಲ್ಲೇ ಸಿಕ್ಕಿದೆ.

(ನೋಡಿ, ನಾನಾಗಲೇ ‘ಕಣ’ ಅಂತ ಬಳಸಿಬಿಟ್ಟೆ.)

ಹೋಲಿಕೆ ಒಂದು ಕಡೆ ಕೈಕೊಡುತ್ತದೆ. ಹಂತಿಯಲ್ಲಿ ಮೇಟಿ ಪಕ್ಕದ ಎತ್ತು ನಿಧಾನಕ್ಕೆ ಹೆಜ್ಜೆ ಹಾಕಿದರೆ ಸಾಕು, ಹೊರಗಿನದು ಓಡಬೇಕು. ಬಾನಿನಲ್ಲಿ ಉಲ್ಟಾ. ಒಳಗಿದ್ದವರು ಓಡುತ್ತಾರೆ, ಹೊರಗಿದ್ದವರು ತೆವಳುತ್ತಾರೆ. ಬುಧ 88 ದಿನಕ್ಕೆ ಒಂದು ಸುತ್ತು ಮುಗಿಸಿದರೆ ನೆಪ್ಚೂನ್ ಸುಮಾರು 165 ವರ್ಷ ತಗೊಳ್ಳುತ್ತದೆ. ಅಕ್ಕನ ಮಗಳಿಗೆ ಇದು ಹೇಳಿದರೆ, “ಒಳ್ಳೇದೇ ಆಯ್ತಲ್ಲ ಮಾಮ, ಹಗ್ಗ ಬಿಚ್ಚಿದ ಹಂತಿ ಅಂತೀನಿ” ಅಂದಳು. ಟೀಚರ್ ಅಲ್ವಾ.

ದೊಡ್ಡ ತೊಡಕು ಬೇರೆಯದು. ಧೂಳಿನದೂ ಕಣ. ‘ಕಣದಲ್ಲಿ ಕಣಗಳು ಸುತ್ತುತ್ತವೆ’ ಅಂತ ಬರೆದರೆ ಮಕ್ಕಳ ಗತಿ ಏನು? ಎರಡೂ ಬೇರೆ ಬೇರೆ ಪದ. ಧೂಳಿನ ಕಣ ಸಂಸ್ಕೃತದ್ದು. ಒಕ್ಕಲಿನ ಕಣ ನಮ್ಮದೇ, ತಮಿಳಿನ ‘ಕಳಂ’ ಜೊತೆಯದು. ಹಳಗನ್ನಡದಲ್ಲಿ ‘ಕಳ’ ಅಂತಲೂ ಇತ್ತು, ಯುದ್ಧದ ಬಯಲಿಗೂ ಅದೇ ಮಾತು. ಚುನಾವಣಾ ಕಣ ಬಂದದ್ದು ಆ ದಾರಿಯಿಂದಲೇ. ಹಾಗಾದರೆ ‘ಕಳ’ವನ್ನೇ ಮತ್ತೆ ಕರೆತಂದರೆ ಹೇಗೆ? ‘ಗ್ರಹ’ಕ್ಕೆ ‘ಕಳ’ ಸೇರಿಸಿದರೆ ‘ಗ್ರಹಗಳ’ ಅಂತ ಓದಿಬಿಡುತ್ತಾರೆ ಎಂಬ ಭಯವೂ ಇದೆ. ‘ಧೂಳುಗಣ’ ಅಂತ ಮಾಡಿದರೆ ಶಿವಗಣ ಆಗುತ್ತದೆ.

ಹೊಸ ಪದ ಮಾಡುವುದರಲ್ಲಿ ಖಗೋಳ ವಿಜ್ಞಾನಿಗಳೇನೂ ಮಡಿವಂತರಲ್ಲ ಅನ್ನೋದು ನನಗೆ ಧೈರ್ಯ. 1990ರ ದಶಕದಲ್ಲಿ ಹಬಲ್ ದೂರದರ್ಶಕದಿಂದ ಮಹಾವ್ಯಾಧದ ನೀಹಾರಿಕೆಯಲ್ಲಿ ಇಂಥವನ್ನು ನೋಡಿದ ರಾಬರ್ಟ್ ಓಡೆಲ್ ಎಂಬ ವಿಜ್ಞಾನಿ, ಉದ್ದ ಹೆಸರನ್ನು ಕತ್ತರಿಸಿ ‘ಪ್ರಾಪ್ಲಿಡ್’ ಅಂತ ಮಾಡಿಬಿಟ್ಟರು. ಅದೇ ನಿಂತಿತು. ನಾವು ಮಾತ್ರ ಯಾಕೆ ಹೆದರಬೇಕು?

ಇನ್ನೊಂದು ಬಗೆಯ ಡಿಸ್ಕ್ ಕೂಡ ಇದೆ. ಮೊದಲಿನ ಅನಿಲ ಬಹಳ ಕಾಲ ಉಳಿಯುವುದಿಲ್ಲ. ಕೆಲವೇ ಹತ್ತು ಲಕ್ಷ ವರ್ಷಗಳಲ್ಲಿ ಖಾಲಿ. 460 ಕೋಟಿ ವರ್ಷದ ಸೂರ್ಯನ ಮುಂದೆ ಅದು ಏನೇನೂ ಅಲ್ಲ. ಆದರೂ 1983ರಲ್ಲಿ ಅಭಿಜಿತ್ ನಕ್ಷತ್ರದ ಸುತ್ತ ಧೂಳು ಸಿಕ್ಕಿತು. ಅದು ಹಳೆಯದು ಉಳಿದದ್ದಲ್ಲ, ಬಂಡೆಗಳು ಒಂದಕ್ಕೊಂದು ಬಡಿದು ಪುಡಿಯಾದದ್ದು. ‘ಹೊಟ್ಟು’ ಅನ್ನಲು ಹೊರಟವನು ನಿಲ್ಲಿಸಿದೆ. ಹೊಟ್ಟು ಅಂದರೆ ಉಳಿದದ್ದು, ಒಡೆದದ್ದಲ್ಲ. ಒಡೆದದ್ದಕ್ಕೆ ನಮ್ಮಲ್ಲಿ ಅಚ್ಚುಕಟ್ಟಾದ ಪದ ಇದೆ: ನುಚ್ಚು. ‘ನುಚ್ಚಿನ ಕಣ’ ನನಗೆ ಪೂರ್ತಿ ಒಪ್ಪಿಗೆ. ‘ನುಚ್ಚಿನ ತಟ್ಟೆ’ ಮಾತ್ರ ಬೇಡ, ಊಟದ ಹೊತ್ತಿಗೆ ಮುಂಚಿನ ಪೀರಿಯಡ್ಡಿನಲ್ಲಿ ಪಾಠ ಮಾಡಲಾಗುವುದಿಲ್ಲ.

ಕೊನೆಗೆ ‘ಎಳೆ’. ‘ಯುವತಾರೆ’ ಅಂದರೆ ಸಿನಿಮಾದವರು, ಆದ್ದರಿಂದ ‘ಎಳೆ ನಕ್ಷತ್ರ’ ಅಂತ ಇಟ್ಟುಕೊಂಡಿದ್ದೇನೆ, ಎಳೆ ಸೌತೆಕಾಯಿ ಹಾಗೆ. ಆದರೆ 2009ರಲ್ಲಿ ಹಾರಿಸಿದ ಹರ್ಷೆಲ್ ದೂರದರ್ಶಕ ತೋರಿಸಿದ ಪ್ರಕಾರ ಆ ಮೋಡಗಳು ನೂಲಿನಂತೆ ಎಳೆ ಎಳೆಯಾಗಿವೆ, ನಕ್ಷತ್ರಗಳು ಹೆಚ್ಚಾಗಿ ಹುಟ್ಟುವುದು ಆ ಎಳೆಗಳಲ್ಲೇ. ‘ಎಳೆಗಳಲ್ಲಿ ಎಳೆ ನಕ್ಷತ್ರ’! ಇದನ್ನು ತಿದ್ದಲು ಮನಸ್ಸಿಲ್ಲ, ಬಿಟ್ಟಿದ್ದೇನೆ. ತಪ್ಪು ಅನ್ನಿಸಿದರೆ ಹೇಳಿ.

ನನ್ನ ಪ್ರಶ್ನೆಗಳು ಇಷ್ಟು. ಒಕ್ಕುವ ಕಣಕ್ಕೆ ನಿಮ್ಮ ಕಡೆ ಬೇರೆ ಪದ ಇದೆಯೇ, ಧೂಳಿನ ಕಣದ ಜೊತೆ ಗೊಂದಲ ಆಗದಂಥದ್ದು? ‘ಕಳ’ ಈಗಲೂ ಯಾರ ಬಾಯಲ್ಲಾದರೂ ಇದೆಯೇ? ಇನ್ನೊಂದು, ಈಗಿನ ಮಕ್ಕಳು ಕಣವನ್ನೇ ನೋಡಿಲ್ಲ. ನಮ್ಮ ಕಡೆ ಮೆಕ್ಕೆಜೋಳ ಡಾಂಬರು ರಸ್ತೆ ಮೇಲೆ ಒಣಗುತ್ತದೆ, ಮಿಷನ್ನು ಬಂದು ಒಕ್ಕಿ ಹೋಗುತ್ತದೆ. ಅವರಿಗೆ ಕಣ, ಮೇಟಿ ಅಂತ ಹೇಳಿದರೆ ಎರಡು ಹೊಸ ಪಾಠ ಆದಂತಲ್ವಾ? ಮೇಷ್ಟ್ರಾದವರು ಸ್ವಲ್ಪ ಬಿಡಿಸಿ ಬರೆಯಿರಿ. ಅವಳ ಪಾಠ ಮುಂದಿನ ಶನಿವಾರ ಬೆಳಿಗ್ಗೆ.