ಅಪ್‌ಡೇಟ್: ಚಂದ್ರಯಾನ-2 ದತ್ತಾಂಶ, ಅತಿಥಿ ಸಂಶೋಧನೆಗೆ ಒಪ್ಪಿಗೆ ಸಿಕ್ಕಿತು

ತುಮಕೂರಿನ ಪದವಿ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾ, ರಜೆಯಲ್ಲಿ ಸಂಶೋಧನಾ ಸಂಸ್ಥೆಯೊಂದಕ್ಕೆ ಹೋಗಿ ಚಂದ್ರಯಾನ-2ರ ಕ್ಲಾಸ್ ಉಪಕರಣದ (ಸೂರ್ಯನ ಎಕ್ಸ್-ಕಿರಣ ಬಿದ್ದಾಗ ಚಂದ್ರನ ನೆಲದ ಧಾತುಗಳು ಹೊಮ್ಮಿಸುವ ಎಕ್ಸ್-ಕಿರಣಗಳನ್ನು ಅಳೆಯುವಂಥದ್ದು) ದತ್ತಾಂಶದ ಮೇಲೆ ಕೆಲಸ ಮಾಡುವುದು ಹೇಗೆ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಒಬ್ಬ ವಿಜ್ಞಾನಿ ಒಪ್ಪಿದ್ದಾರೆ.

ಫಲ ಕೊಟ್ಟಿದ್ದು, ಆ ಪ್ರಶ್ನೆಗೆ "ಮೊದಲು ಆ ದತ್ತಾಂಶದಿಂದ ಒಂದು ಗ್ರಾಫ್ ಮಾಡಿ, ಆಮೇಲೆ ವಿಜ್ಞಾನಿಗಳಿಗೆ ಬರೆಯಿರಿ" ಅಂತ ಉತ್ತರಿಸಿದ ಮೇಡಂ ಒಬ್ಬರ ಸಲಹೆ. "ಅವಕಾಶ ಇದೆಯೇ ಸರ್" ಅನ್ನುವ ಬರೀ ವಿಚಾರಣೆಯ ಮೇಲ್‌ಗಳಿಗೆ ಉತ್ತರವೇ ಬರಲಿಲ್ಲ. ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯುಕಾದ ವಿಸಿಟಿಂಗ್ ಅಸೋಸಿಯೇಟ್ ಯೋಜನೆ ಕಾಲೇಜು ಅಧ್ಯಾಪಕರಿಗೆ ನಿಜಕ್ಕೂ ಒಳ್ಳೆಯದು, ಆದರೆ ಅದರ ಅವಧಿ 3 ವರ್ಷ. ಒಂದು ರಜೆಯ ಕೆಲಸಕ್ಕೆ ಹೊಂದುವುದಿಲ್ಲ.

ಗ್ರಾಫ್‌ಗೆ ದಾರಿ ಹೀಗೆ: ದತ್ತಾಂಶ ಸಿಗುವ ಇಸ್ರೋದ ಪ್ರದಾನ್ ಜಾಲತಾಣದಲ್ಲಿ ನೋಂದಾಯಿಸಿ. ಕ್ಲಾಸ್ ಫೈಲುಗಳು ತಲಾ 8 ಸೆಕೆಂಡಿನ ಅಳತೆಯವು, ಹಾಗಾಗಿ ಲೆಕ್ಕವಿಲ್ಲದಷ್ಟಿವೆ; ಎಲ್ಲವನ್ನೂ ಇಳಿಸಲು ಹೋದರೆ ಡಿಸ್ಕ್ ತುಂಬುತ್ತದೆ. ಮೊದಲು ಅದೇ ನೌಕೆಯಲ್ಲಿರುವ, ಸೂರ್ಯನ ಎಕ್ಸ್-ಕಿರಣ ಅಳೆಯುವ ಎಕ್ಸ್‌ಎಸ್‌ಎಂ ಉಪಕರಣದ ದತ್ತಾಂಶ ನೋಡಿ, ಸಿ ದರ್ಜೆ (ಜ್ವಾಲೆಗಳ ತೀವ್ರತೆಯ ಎ, ಬಿ, ಸಿ, ಎಂ, ಎಕ್ಸ್ ಶ್ರೇಣಿಯಲ್ಲಿ ನಡುವಿನದು) ಅಥವಾ ಅದಕ್ಕಿಂತ ದೊಡ್ಡ ಸೌರಜ್ವಾಲೆಯ ಹೊತ್ತನ್ನು ಗುರುತು ಹಾಕಿಕೊಳ್ಳಿ; ಆ ಹೊತ್ತಿನ ಕ್ಲಾಸ್ ಫೈಲುಗಳಷ್ಟೇ ಸಾಕು. ಸೂರ್ಯ ಶಾಂತವಾಗಿದ್ದರೆ ಕ್ಯಾಲ್ಸಿಯಂ, ಟೈಟಾನಿಯಂ, ಕಬ್ಬಿಣದ ಗುರುತಾದ ಎಕ್ಸ್-ಕಿರಣ ರೇಖೆಗಳು ಗ್ರಾಫ್‌ನಲ್ಲಿ ಏಳುವುದೇ ಇಲ್ಲ. ಹಿನ್ನೆಲೆಯನ್ನು (ಚಂದ್ರನ ನೆಲದಿಂದ ಬಾರದ ಬೇಡದ ಸಂಕೇತ) ಕಳೆಯಲು ಚಂದ್ರನ ರಾತ್ರಿ ಭಾಗದ ಫೈಲು ಬಳಸಿ.

ಗೊತ್ತಿರದಿದ್ದ ಸಂಗತಿಯೊಂದಿತ್ತು: ಹುಣ್ಣಿಮೆಯ ಆಸುಪಾಸಿನಲ್ಲಿ ಚಂದ್ರ ಭೂಮಿಯ ಕಾಂತಬಾಲದೊಳಗೆ (ಸೂರ್ಯನ ಎದುರು ದಿಕ್ಕಿಗೆ ಬಾಲದಂತೆ ಚಾಚಿದ ಭೂಮಿಯ ಕಾಂತಕ್ಷೇತ್ರ) ಹಾದುಹೋಗುವಾಗ ಅಲ್ಲಿನ ವಿದ್ಯುದಾವಿಷ್ಟ ಕಣಗಳಿಂದ ಹಿನ್ನೆಲೆ ಏರುತ್ತದೆ. ಆ ದಿನಗಳನ್ನು ಬಿಟ್ಟುಬಿಡಿ.

ವಿಜ್ಞಾನಿಗೆ ಕಳಿಸುವ ಮೇಲ್‌ಗೆ ಒಂದೇ ಪುಟ: ಗ್ರಾಫ್, ಒಂದು ಪ್ರಶ್ನೆ, ಬರುವ ದಿನಾಂಕ. ಪ್ರಿನ್ಸಿಪಾಲರ ಅನುಮತಿ ಪತ್ರವನ್ನೂ ಜೊತೆಗೇ ಲಗತ್ತಿಸಿ.