ಮ್ಯಾಕ್‌ನಿಂದ ಲಿನಕ್ಸ್‌ಗೆ ತಂದ ತಾಳಮದ್ದಳೆ ಸಂಗ್ರಹ: ಕೃಷ್ಣ ಸಿಗುತ್ತಾನೆ, ಭೀಷ್ಮ ಸಿಗುತ್ತಿಲ್ಲ

ಕ್ಯಾಸೆಟ್_ಪುತ್ತೂರು:

ಎಲ್ಲರಿಗೂ ನಮಸ್ಕಾರ. ಲಿನಕ್ಸ್ ಗೊತ್ತಿರುವವರು ಸ್ವಲ್ಪ ತಾಳ್ಮೆಯಿಂದ ಓದಿ, ವಿಷಯ ಉದ್ದ ಇದೆ.

ಅಪ್ಪ ಸೇರಿಸಿಟ್ಟಿದ್ದ ತಾಳಮದ್ದಳೆ ಕ್ಯಾಸೆಟ್‌ಗಳನ್ನೆಲ್ಲ ಡಿಜಿಟಲ್ ಮಾಡಿ, ಮನೆಯ ಹಳೇ ಐಮ್ಯಾಕ್‌ನಲ್ಲಿ ಆಪಲ್ ಕಂಪನಿಯ ಸಂಗೀತ ತಂತ್ರಾಂಶ ಐಟ್ಯೂನ್ಸ್ ಒಳಗೆ ಜೋಡಿಸಿ ಇಟ್ಟಿದ್ದೇನೆ. 2011ರ ಮಷೀನು. ಮ್ಯಾಕ್ ತಂತ್ರಾಂಶದ ಹೈ ಸಿಯೆರಾ ಆವೃತ್ತಿ ದಾಟಿ ಮುಂದಕ್ಕೆ ಹೋಗುವುದಿಲ್ಲ, ಹಾರ್ಡ್ ಡಿಸ್ಕ್ ಬೇರೆ ಈಗ ಸದ್ದು ಮಾಡಲು ಶುರು ಮಾಡಿದೆ. ಹಾಗಾಗಿ ಲಿನಕ್ಸ್ ಮಿಂಟ್ ಹಾಕಿದ ಹೊಸ ಕಂಪ್ಯೂಟರಿಗೆ ಎಲ್ಲವನ್ನೂ ಸಾಗಿಸುತ್ತಿದ್ದೇನೆ. ಮನೆಯ ನೆಟ್‌ವರ್ಕ್ ಮೂಲಕ ಆರ್‌ಸಿಂಕ್ ಅನ್ನುವ ಪ್ರೋಗ್ರಾಂನಲ್ಲಿ ಕಾಪಿ ಮಾಡಿದೆ, ಸ್ಟ್ರಾಬೆರಿ ಪ್ಲೇಯರ್ ಹಾಕಿಕೊಂಡೆ.

ತಾಳಮದ್ದಳೆ ಗೊತ್ತಿಲ್ಲದವರಿಗೆ ಒಂದು ಮಾತು. ಇದರಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ವಾದ ಮಾಡುತ್ತಾರೆ. ಮಾತೇ ಎಲ್ಲ. ಯಾವ ಪಾತ್ರಕ್ಕೆ ಯಾರು ಅರ್ಥ ಹೇಳಿದ್ದು, ಎದುರಿಗೆ ಯಾರಿದ್ದರು, ಮದ್ದಳೆ ಯಾರದ್ದು, ಎಲ್ಲಿ ನಡೆದದ್ದು ಅನ್ನುವ ಮಾಹಿತಿ ಇಲ್ಲದಿದ್ದರೆ ಆ ಫೈಲು ಇದ್ದೂ ಇಲ್ಲದ ಹಾಗೆ. ಅದಕ್ಕೇ ಆಲ್ಬಂ ಜಾಗದಲ್ಲಿ ಪ್ರಸಂಗ, ಕಲಾವಿದರ ಜಾಗದಲ್ಲಿ ಭಾಗವತರು, ಕಾಮೆಂಟ್ ಜಾಗದಲ್ಲಿ ಅರ್ಥಧಾರಿಗಳು ಮತ್ತು ಊರು ಅಂತ ಒಂದೊಂದಾಗಿ ಬರೆದಿದ್ದೆ. ಧ್ವನಿ ಎಷ್ಟು ಚೆನ್ನಾಗಿದೆ ಅನ್ನುವುದಕ್ಕೆ ಸ್ಟಾರ್ ಕೊಟ್ಟಿದ್ದೆ. ಕೆಲವು ಕ್ಯಾಸೆಟ್‌ಗಳ ಶುರುವಿನಲ್ಲಿ ಬರೀ ಗೊರಗೊರ ಇರುವುದರಿಂದ ಎಲ್ಲಿಂದ ನುಡಿಸಬೇಕು ಅಂತ ಪ್ರಾರಂಭದ ಸಮಯ ಕೂಡ ಹಾಕಿದ್ದೆ.

ಈಗ ತೊಂದರೆಗಳು.

ಒಂದು, ಸ್ಟಾರ್ ಪೂರ್ತಿ ಮಾಯ. ಪ್ರಾರಂಭದ ಸಮಯವೂ ಇಲ್ಲ. ಆದರೆ ಕಾಮೆಂಟ್, ಭಾಗವತರ ಹೆಸರು ಎಲ್ಲ ಸರಿಯಾಗಿ ಬಂದಿದೆ. ಯಾಕೆ ಹೀಗೆ ಅರ್ಧಂಬರ್ಧ?

ಎರಡು, ನನಗೆ ತಲೆಬುಡ ಅರ್ಥ ಆಗದೇ ಇರುವುದು ಇದು. ಕ್ಯಾಸೆಟ್‌ಗಳ ಪಟ್ಟಿಯನ್ನು ನಾನು ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಟೈಪ್ ಮಾಡಿ ಇಟ್ಟಿದ್ದೆ, ಫೈಲಿನ ಹೆಸರು ಸಮೇತ. ಪರಿಚಯದ ಹುಡುಗ ಒಬ್ಬ ಅದರಿಂದಲೇ ಪ್ಲೇಲಿಸ್ಟ್‌ಗಳನ್ನು ಮಾಡಿಕೊಟ್ಟ. ಅದರಲ್ಲಿ ಕೃಷ್ಣ, ಕರ್ಣ, ಅರ್ಜುನ, ವಿದುರ ಇರುವ ಫೈಲುಗಳು ಓಡುತ್ತವೆ. ಭೀಷ್ಮ, ದ್ರೋಣ, ಭೀಮ, ಸೀತೆ ಇರುವ ಫೈಲುಗಳು ಸಿಗುವುದೇ ಇಲ್ಲ, ಫೈಲ್ ಇಲ್ಲ ಅನ್ನುತ್ತದೆ. ಹೋಗಿ ನೋಡಿದರೆ ಫೋಲ್ಡರಿನಲ್ಲಿ ಕಣ್ಣೆದುರಿಗೇ ಇದೆ! ಅಕ್ಷರ ಅಕ್ಷರ ಹೋಲಿಸಿ ನೋಡಿದ್ದೇನೆ, ಒಂದು ಸ್ಪೇಸ್ ಕೂಡ ವ್ಯತ್ಯಾಸ ಇಲ್ಲ. ಕೌರವ ಅಂತ ಬರೆದ ಫೈಲು ಸಿಗುತ್ತದೆ, ದುರ್ಯೋಧನ ಅಂತ ಬರೆದದ್ದು ಸಿಗುವುದಿಲ್ಲ ಮಾರಾಯ್ರೇ, ಇಬ್ಬರೂ ಒಬ್ಬನೇ ಅಲ್ವಾ.

ಮೂರು, ಅರ್ಥಧಾರಿಗಳ ಹೆಸರನ್ನೆಲ್ಲ ಫೈಲಿನ ಹೆಸರಿನಲ್ಲೇ ಹಾಕಿದ್ದ ಕೆಲವು ಕಾಪಿಯೇ ಆಗಿಲ್ಲ. ಹೆಸರು ತುಂಬಾ ಉದ್ದ ಅಂತ ಎರರ್ ಬಂತು. ಮ್ಯಾಕ್‌ನಲ್ಲಿ ಆ ಹೆಸರುಗಳಿಗೆ ಯಾವ ತಕರಾರೂ ಇರಲಿಲ್ಲ.

ಇಷ್ಟು ವರ್ಷ ಕೂತು ಜೋಡಿಸಿದ ಕೆಲಸ ಕಂಪ್ಯೂಟರ್ ಬದಲಾಯಿಸಿದ ಕೂಡಲೇ ಹೀಗೆ ಚೆಲ್ಲಾಪಿಲ್ಲಿ ಆಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ದಯವಿಟ್ಟು ದಾರಿ ಹೇಳಿ.

ವಿಂಡೋಸ್_ಹಾಸನ:

ಲಿನಕ್ಸ್ ಯಾಕೆ ಸರ್, ವಿಂಡೋಸ್ ಹಾಕಿ ಮ್ಯೂಸಿಕ್‌ಬೀ ಅನ್ನುವ ಪ್ಲೇಯರ್ ಇಟ್ಟುಕೊಳ್ಳಿ. ಐಟ್ಯೂನ್ಸ್ ಲೈಬ್ರರಿಯನ್ನು ನೇರವಾಗಿ ಇಂಪೋರ್ಟ್ ಮಾಡಿಕೊಳ್ಳುವ ಆಯ್ಕೆ ಅದರಲ್ಲೇ ಇದೆ. ಇಲ್ಲದಿದ್ದರೆ ವಿಂಡೋಸ್‌ಗೂ ಐಟ್ಯೂನ್ಸ್ 2003ರಿಂದ ಇದೆಯಲ್ಲ, ಅದನ್ನೇ ಹಾಕಬಹುದು. ಸುಮ್ನೆ ತಲೆನೋವು ಯಾಕೆ.

ಮಿಂಟ್_ಶಿರಸಿ:

@ಕ್ಯಾಸೆಟ್_ಪುತ್ತೂರು, ನಿಮ್ಮ ಎರಡನೇ ಪ್ರಶ್ನೆಯಲ್ಲೇ ಉತ್ತರ ಇದೆ. ಸಿಗುವ ಹೆಸರು, ಸಿಗದ ಹೆಸರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸಿಗದೇ ಇರುವುದರಲ್ಲೆಲ್ಲ ಗುಡಿಸಿನ ದೀರ್ಘವೋ ಓತ್ವದ ದೀರ್ಘವೋ ಇದೆ. ಭೀ, ಸೀ, ದ್ರೋ, ರ್ಯೋ.

ಕಂಪ್ಯೂಟರ್ ಅಕ್ಷರಗಳನ್ನು ಉಳಿಸಲು ಬಳಸುವ ಯೂನಿಕೋಡ್ ಸಂಕೇತದಲ್ಲಿ "ಭೀ" ಬರೆಯುವುದಕ್ಕೆ ಎರಡು ದಾರಿ ಇದೆ. ಭ ಮತ್ತು "ೀ" ಅನ್ನುವ ಒಂದೇ ಚಿಹ್ನೆ. ಅಥವಾ ಭ, ಗುಡಿಸು, ಆಮೇಲೆ ದೀರ್ಘದ ಕೊಂಡಿ ಬೇರೆ ಬೇರೆ. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಡಿಸ್ಕಿನಲ್ಲಿ ಬೇರೆ ಬೇರೆ. ಕೀಬೋರ್ಡಿನಿಂದ ನಾವು ಟೈಪ್ ಮಾಡಿದಾಗ ಸಾಮಾನ್ಯವಾಗಿ ಬರುವುದು ಮೊದಲನೆಯದು. ನಿಮ್ಮ ಹಳೇ ಮ್ಯಾಕ್‌ನ ಫೈಲ್ ಸಿಸ್ಟಂ, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಇಡುವ ವ್ಯವಸ್ಥೆ, ಎಚ್‌ಎಫ್‌ಎಸ್ ಪ್ಲಸ್. ಅದು ಹೆಸರನ್ನು ಉಳಿಸುವಾಗಲೇ ಇಂಥ ಚಿಹ್ನೆಗಳನ್ನು ಒಡೆದು ಇಡುತ್ತದೆ. ಓದುವಾಗ ಎರಡನ್ನೂ ಒಂದೇ ಅಂತ ನೋಡುತ್ತದೆ, ಹಾಗಾಗಿ ಮ್ಯಾಕ್ ಒಳಗೆ ಇರುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಲಿನಕ್ಸ್‌ನ ಫೈಲ್ ಸಿಸ್ಟಂ ಇಎಕ್ಸ್‌ಟಿ4 ಡಿಸ್ಕಿನಲ್ಲಿರುವ ಬೈಟ್‌ಗಳನ್ನು ಮಾತ್ರ ಹೋಲಿಸಿ ನೋಡುತ್ತದೆ. ಪ್ಲೇಲಿಸ್ಟ್‌ನಲ್ಲಿ ಕೂಡಿಸಿದ ಭೀಷ್ಮ, ಡಿಸ್ಕಿನಲ್ಲಿ ಒಡೆದ ಭೀಷ್ಮ. ಅದರ ಪಾಲಿಗೆ ಇಬ್ಬರು ಬೇರೆ.

ಕನ್ನಡದಲ್ಲಿ ಹೀಗೆ ಒಡೆಯುವ ಚಿಹ್ನೆಗಳು ಐದೇ: ಗುಡಿಸಿನ ದೀರ್ಘ, ಏತ್ವದ ದೀರ್ಘ, ಐತ್ವ, ಓತ್ವ, ಓತ್ವದ ದೀರ್ಘ. ಔತ್ವ ಒಡೆಯುವುದಿಲ್ಲ, ವಟ್ರಸುಳಿಯೂ ಇಲ್ಲ. ಕೌರವ ಸಿಕ್ಕಿದ್ದು, ಕೃಷ್ಣ ಸಿಕ್ಕಿದ್ದು ಅದಕ್ಕೇ. ದ್ರೌಪದಿ ಇರುವ ಫೈಲು ಇದ್ದರೆ ಓಡಿಸಿ ನೋಡಿ, ಸಿಗಬೇಕು. ಕೈಕೇಯಿ ಸಿಗಬಾರದು.

ಖಾತ್ರಿ ಮಾಡಿಕೊಳ್ಳಲು ಫೈಲಿನ ಹೆಸರಿನಿಂದ "ಭೀಮ" ಅನ್ನುವಷ್ಟನ್ನು ಕಾಪಿ ಮಾಡಿ, ಬೈಟ್ ಎಣಿಸುವ ಡಬ್ಲ್ಯೂಸಿ ಕಮಾಂಡಿಗೆ ಕೊಡಿ. ಕೂಡಿಸಿದ್ದಾದರೆ 9 ಬರುತ್ತದೆ, ಒಡೆದದ್ದಾದರೆ 12. ಕೊನೆಗೆ ಹೊಸ ಸಾಲಿನ ಗುರುತು ಸೇರದ ಹಾಗೆ ನೋಡಿಕೊಳ್ಳಿ, ಅದು ಸೇರಿದರೆ ಒಂದು ಜಾಸ್ತಿ ತೋರಿಸುತ್ತದೆ.

ಮೂರನೇ ಪ್ರಶ್ನೆಗೂ ಬೇರು ಇಲ್ಲೇ ಇದೆ. ಇಎಕ್ಸ್‌ಟಿ4ನಲ್ಲಿ ಒಂದು ಫೈಲಿನ ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಅಕ್ಷರಕ್ಕೂ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. ಅಂದರೆ ಅಕ್ಷರ, ಗುಡಿಸು, ಒತ್ತು ಎಲ್ಲ ಸೇರಿ 85 ಆದರೆ ಮುಗಿಯಿತು. ಅದರ ಮೇಲೆ ಓತ್ವದ ದೀರ್ಘ ಒಡೆದರೆ ಮೂರು ಚೂರಾಗಿ 9 ಬೈಟ್ ತಿನ್ನುತ್ತದೆ. ಮ್ಯಾಕ್‌ನಲ್ಲಿ 255 ಅನ್ನುವ ಮಿತಿ ಬೈಟ್ ಲೆಕ್ಕದ್ದಲ್ಲ, ಹಾಗಾಗಿ ಅಲ್ಲಿ ಉದ್ದ ಹೆಸರು ನಡೆಯಿತು.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರಿಗೆ ಈ ಪೆಟ್ಟು ಸುಮ್ಮನೆ ಬೀಳುತ್ತದೆ, ಇದನ್ನು ಯಾರೂ ಮೊದಲೇ ಹೇಳಿಕೊಡುವುದೂ ಇಲ್ಲ. ಆದರೂ ಇಂಗ್ಲಿಷ್‌ನಲ್ಲಿ ಹೆಸರಿಡಿ ಅಂತ ಮಾತ್ರ ನಾನು ಹೇಳುವುದಿಲ್ಲ. ಕನ್ನಡದಲ್ಲೇ ಇರಲಿ, ಸರಿ ಮಾಡಬಹುದು.

@ವಿಂಡೋಸ್_ಹಾಸನ, ವಿಂಡೋಸ್‌ನ ಫೈಲ್ ಸಿಸ್ಟಂ ಎನ್‌ಟಿಎಫ್‌ಎಸ್ ಕೂಡ ಈ ಎರಡು ರೂಪವನ್ನು ಒಂದು ಅಂತ ನೋಡುವುದಿಲ್ಲ. ಅಲ್ಲಿಗೆ ಹೋದರೂ ಭೀಷ್ಮ ಕಾಣೆಯೇ. ಜೊತೆಗೆ ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ, ಕೋಲನ್ ಇದ್ದರೆ ವಿಂಡೋಸ್ ಒಪ್ಪುವುದೇ ಇಲ್ಲ.

ವಿಂಡೋಸ್_ಹಾಸನ:

ಅದು ಸರಿ, ಆದರೆ ಸ್ಟಾರ್ ವಿಷಯಕ್ಕೆ ನನ್ನ ಮಾತು ಇನ್ನೂ ನಿಲ್ಲುತ್ತದೆ. ಇಂಪೋರ್ಟ್ ಮಾಡಿದರೆ ರೇಟಿಂಗ್ ಬರುತ್ತದೆ.

ಟ್ಯಾಗ್_ಮೈಸೂರು:

ಸ್ಟಾರ್ ಬಗ್ಗೆ ನಾನು ಹೇಳುತ್ತೇನೆ. ಐಟ್ಯೂನ್ಸ್‌ನಲ್ಲಿ ನೀವು ತುಂಬಿದ ಮಾಹಿತಿ ಎರಡು ಕಡೆ ಹೋಗಿ ಕೂರುತ್ತದೆ. ಹೆಸರು, ಆಲ್ಬಂ, ಕಲಾವಿದರು, ಕಾಮೆಂಟ್ ಇವೆಲ್ಲ ಫೈಲಿನೊಳಗಿನ ಟ್ಯಾಗ್‌ಗೆ ಹೋಗುತ್ತವೆ. ಸ್ಟಾರ್, ಎಷ್ಟು ಸಲ ಕೇಳಿದ್ದು, ಯಾವಾಗ ಸೇರಿಸಿದ್ದು, ಪ್ರಾರಂಭ ಮತ್ತು ಮುಕ್ತಾಯದ ಸಮಯ, ಪ್ಲೇಲಿಸ್ಟ್ ಇವೆಲ್ಲ ಲೈಬ್ರರಿಯ ಡೇಟಾಬೇಸಿನಲ್ಲಿ ಮಾತ್ರ ಇರುತ್ತವೆ. ಬಳಸುವವನಿಗೆ ಎರಡೂ ಒಂದೇ ಕಿಟಕಿಯಲ್ಲಿ ಒಂದೇ ಥರ ಕಾಣುತ್ತವೆ. ಫೈಲ್ ಕಾಪಿ ಮಾಡಿದಾಗ ಮೊದಲನೆಯ ಭಾಗ ಜೊತೆಗೆ ಬಂತು, ಎರಡನೆಯದು ಹಳೇ ಮಷೀನಿನಲ್ಲೇ ಉಳಿಯಿತು. ಅರ್ಧಂಬರ್ಧ ಆಗಿದ್ದು ಹೀಗೆ. ಲೈಬ್ರರಿ ತಂತ್ರಾಂಶಗಳ ಈ ಪದ್ಧತಿ ನನಗೆ ಒಂದು ಚೂರೂ ಇಷ್ಟ ಇಲ್ಲ. ಮಾಹಿತಿ ಬರೆಯುವವನು ನಾನು, ಅದು ಎಲ್ಲಿ ಇರುತ್ತದೆ ಅಂತ ನನಗೆ ತೋರಿಸಬೇಕು.

ಆದರೆ ಮ್ಯಾಕ್ ಇನ್ನೂ ಓಡುತ್ತಿದೆ ಅಂದಿರಿ, ಹಾಗಾಗಿ ಏನೂ ಕಳೆದಿಲ್ಲ. ಇವತ್ತೇ ಒಂದು ಕೆಲಸ ಮಾಡಿ. ಐಟ್ಯೂನ್ಸ್‌ನ ಫೈಲ್ ಮೆನುವಿನಲ್ಲಿ ಲೈಬ್ರರಿ, ಅದರೊಳಗೆ ಎಕ್ಸ್‌ಪೋರ್ಟ್ ಲೈಬ್ರರಿ. ಒಂದು ಎಕ್ಸ್‌ಎಂಎಲ್ ಫೈಲು ಬರುತ್ತದೆ. ಡಿಸ್ಕ್ ಸದ್ದು ಮಾಡುತ್ತಿದೆ ಅಂದರೆ ನಾಳೆಗೆ ಅಂತ ಇಡಬೇಡಿ. ಅದನ್ನು ಸಾದಾ ಟೆಕ್ಸ್ಟ್ ಎಡಿಟರಿನಲ್ಲಿ ತೆರೆಯಬಹುದು. ಒಂದೊಂದು ಟ್ರ್ಯಾಕಿಗೂ ರೇಟಿಂಗ್ ಅಂತ ಒಂದು ಸಂಖ್ಯೆ ಇರುತ್ತದೆ, ಒಂದು ಸ್ಟಾರಿಗೆ 20, ಐದಕ್ಕೆ 100. ಪ್ರಾರಂಭದ ಸಮಯ ಮಿಲಿಸೆಕೆಂಡಿನಲ್ಲಿ ಇರುತ್ತದೆ. ಪ್ಲೇಲಿಸ್ಟ್‌ಗಳ ಕ್ರಮವೂ ಇರುತ್ತದೆ. ನಿಯಮದ ಪ್ರಕಾರ ತಾವೇ ತುಂಬಿಕೊಳ್ಳುವ ಸ್ಮಾರ್ಟ್ ಪ್ಲೇಲಿಸ್ಟ್‌ಗಳ ನಿಯಮ ಮಾತ್ರ ಓದಲು ಬಾರದ ರೂಪದಲ್ಲಿ ಇರುತ್ತದೆ. ಆದರೆ ಅವುಗಳಲ್ಲಿ ಆ ಹೊತ್ತಿಗೆ ಏನೇನಿತ್ತು ಅನ್ನುವ ಪಟ್ಟಿ ಸಿಗುತ್ತದೆ.

ಒಂದು ಎಚ್ಚರ. ಎಕ್ಸ್‌ಎಂಎಲ್‌ನಲ್ಲಿ ಫೈಲಿನ ಜಾಗ ಪೂರ್ತಿ ವಿಳಾಸವಾಗಿ, ಶೇಕಡಾ ಚಿಹ್ನೆಗಳ ಸಾಲಾಗಿ ಇರುತ್ತದೆ, ಕನ್ನಡ ಅಂತ ಗುರುತೇ ಸಿಗುವುದಿಲ್ಲ. ಪೈಥಾನ್ ಸ್ಕ್ರಿಪ್ಟ್ ಬರೆಯುವವರು ಅದನ್ನು ಮೊದಲು ಬಿಡಿಸಬೇಕು, ಮ್ಯಾಕ್‌ನ ದಾರಿಯನ್ನು ತೆಗೆದು ಲಿನಕ್ಸ್ ದಾರಿ ಹಾಕಬೇಕು. ಆಮೇಲೆ ಮಿಂಟ್_ಶಿರಸಿ ಅವರು ಹೇಳಿದ ಒಡೆದ ಚಿಹ್ನೆಗಳನ್ನು ಇಲ್ಲಿಯೂ ಕೂಡಿಸಬೇಕು. ಈ ಕೊನೆಯದನ್ನು ಬಿಟ್ಟರೆ ಮತ್ತೆ ಅದೇ ಭೀಷ್ಮ, ದ್ರೋಣ ಕೈಕೊಡುತ್ತಾರೆ. ನಿಮ್ಮ ಪರಿಚಯದ ಹುಡುಗನಿಗೆ ಇಷ್ಟು ಹೇಳಿದರೆ ಸಾಕು, ಮಾಡುತ್ತಾನೆ.

ಸ್ಟಾರ್ ಹೊಸ ಕಡೆಗೆ ಬಂದ ಮೇಲೆ ಸ್ಟ್ರಾಬೆರಿಯ ಸೆಟ್ಟಿಂಗ್‌ನಲ್ಲಿ ರೇಟಿಂಗನ್ನು ಫೈಲಿನಲ್ಲೇ ಉಳಿಸುವ ಆಯ್ಕೆಯನ್ನು ಆನ್ ಮಾಡಿ. ಆದರೆ ಫೈಲಿನಲ್ಲಿ ಉಳಿಸಿದ ರೇಟಿಂಗನ್ನೂ ಒಂದೊಂದು ಪ್ಲೇಯರ್ ಒಂದೊಂದು ಥರ ಬರೆಯುತ್ತದೆ. ಎಂಪಿ3 ಆದರೆ 0ಯಿಂದ 255ರವರೆಗಿನ ಒಂದು ಸಂಖ್ಯೆ ಬಳಸುವ ರೂಢಿ ಇದೆ, ಐಟ್ಯೂನ್ಸ್ ಅದನ್ನು ನೋಡುವುದಿಲ್ಲ. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಧ್ವನಿ ಹೇಗಿದೆ ಅನ್ನುವುದನ್ನು ಸ್ಟಾರ್ ಜೊತೆಗೆ ಕಾಮೆಂಟಿನಲ್ಲೂ "ಧ್ವನಿ: ಚೆನ್ನಾಗಿದೆ" ಅಂತ ಅಕ್ಷರದಲ್ಲಿ ಬರೆದುಬಿಡಿ. ಕಾಮೆಂಟನ್ನು ಹೆಚ್ಚಿನ ಪ್ಲೇಯರ್‌ಗಳು ಓದುತ್ತವೆ. ಒಟ್ಟಿಗೆ ತುಂಬಲು ಕಿಡ್3 ಅನ್ನುವ ಟ್ಯಾಗ್ ತಿದ್ದುವ ಪ್ರೋಗ್ರಾಂ ಬಳಸಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ.

ಮನೆಸರ್ವರ್_ದಾವಣಗೆರೆ:

ನೀವೆಲ್ಲ ಒಂದೇ ಕಂಪ್ಯೂಟರಿಗೆ ಅಂಟಿಕೊಂಡಿದ್ದೀರಿ. ನಾವಿಡ್ರೋಮ್ ಅಥವಾ ಜೆಲ್ಲಿಫಿನ್ ಥರದ ಮನೆ ಸರ್ವರ್ ತಂತ್ರಾಂಶ ಹಾಕಿ, ಮನೆಯ ಯಾವ ಮೂಲೆಯಿಂದ, ಯಾವ ಫೋನಿನಿಂದ ಬೇಕಾದರೂ ಕೇಳಬಹುದು. ಮಷೀನ್ ಬದಲಾಯಿಸುವ ಗೋಳೇ ಇರುವುದಿಲ್ಲ. ಮನೆಯವರೆಲ್ಲ ಕೇಳುವ ಸಂಗ್ರಹಕ್ಕೆ ಇದೇ ಸರಿ.

ಟ್ಯಾಗ್_ಮೈಸೂರು:

@ಮನೆಸರ್ವರ್_ದಾವಣಗೆರೆ, ಕೇಳುವುದಕ್ಕೆ ಚೆನ್ನಾಗಿದೆ, ನಾನೂ ನಾವಿಡ್ರೋಮ್ ಬಳಸುತ್ತೇನೆ. ಆದರೆ ಅಲ್ಲಿ ಕೊಟ್ಟ ಸ್ಟಾರ್ ಕೂಡ ಅದರದ್ದೇ ಡೇಟಾಬೇಸಿಗೆ ಹೋಗುತ್ತದೆ. ಜಾಗ ಬದಲಾಯಿತು, ಸಮಸ್ಯೆ ಅದೇ. ಮೊದಲು ಫೈಲುಗಳನ್ನು ಸರಿ ಮಾಡಿಕೊಳ್ಳಲಿ, ಆಮೇಲೆ ಯಾವ ಸರ್ವರ್ ಬೇಕಾದರೂ ಹಾಕಿಕೊಳ್ಳಲಿ.

ಫೋಟೋ_ಧಾರವಾಡ:

ಫೋಟೋ ಕಥೆಯೂ ಡಿಟ್ಟೋ ಇದೇ ರೀ. ಗೂಗಲ್‌ನ ಫೋಟೋ ತಂತ್ರಾಂಶ ಪಿಕಾಸಾ 2016ರಲ್ಲಿ ನಿಂತಾಗ ಆಲ್ಬಂ, ಮುಖದ ಹೆಸರು ಎಲ್ಲ ಎಷ್ಟೋ ಮಂದಿಯದ್ದು ಹೋಯಿತು, ಫೋಟೋ ಮಾತ್ರ ಉಳಿದವು. ನಾನು ಈಗ ಡಿಜಿಕ್ಯಾಮ್ ಅನ್ನುವ ಫೋಟೋ ತಂತ್ರಾಂಶದಲ್ಲಿ ಹೆಸರು, ಊರು ಎಲ್ಲ ಫೋಟೋದ ಒಳಗೇ ಬರೆಯುವ ಹಾಗೆ ಸೆಟ್ಟಿಂಗ್ ಇಟ್ಟಿದ್ದೇನೆ. ಆದರೆ ಈ ದೀರ್ಘ ಒಡೆಯುವ ವಿಷಯ ನನಗೆ ಹೊಸದು. ಮ್ಯಾಕ್‌ನಿಂದ ತಂದ ಫೋಲ್ಡರುಗಳಲ್ಲಿ "ಬೇಲೂರು" ಹುಡುಕಿದರೆ ಬರುತ್ತಿರಲಿಲ್ಲ, "ಹಂಪಿ" ಬರುತ್ತಿತ್ತು. ಈಗ ಗೊತ್ತಾಯಿತು ಯಾಕೆ ಅಂತ!

ಕ್ಯಾಸೆಟ್_ಪುತ್ತೂರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೈಟ್ ಎಣಿಸಿದೆ, ಭೀಮ 12 ತೋರಿಸಿತು. ದ್ರೌಪದಿ ಓಡಿತು, ಕೈಕೇಯಿ ಸಿಗಲಿಲ್ಲ, ಮಿಂಟ್_ಶಿರಸಿ ಅವರು ಹೇಳಿದ ಹಾಗೇ. ಎಕ್ಸ್‌ಎಂಎಲ್ ತೆಗೆದು ಪೆನ್ ಡ್ರೈವ್‌ಗೂ ಹಾಕಿಟ್ಟೆ. ಅದರಲ್ಲಿ ಸ್ಟಾರ್, ಪ್ರಾರಂಭದ ಸಮಯ ಎರಡೂ ಕಾಣುತ್ತಿವೆ, ನೋಡಿ ಸಮಾಧಾನ ಆಯಿತು.

ಈಗ ಇಷ್ಟೊಂದು ಫೈಲುಗಳ ಹೆಸರನ್ನು ಒಂದೊಂದಾಗಿ ಹೊಸದಾಗಿ ಟೈಪ್ ಮಾಡಬೇಕಾ? ಹಾಗೆ ಮಾಡುವಾಗ ಫೈಲಿಗೆ ಏನಾದರೂ ಆದರೆ ಅನ್ನುವ ಭಯ ಇದೆ. ಈ ಅರ್ಥಧಾರಿಗಳಲ್ಲಿ ಹೆಚ್ಚಿನವರು ಈಗ ಇಲ್ಲ, ಕೆಲವು ಕ್ಯಾಸೆಟ್‌ಗಳಿಗೆ ಫಂಗಸ್ ಬಂದು ಮತ್ತೆ ನುಡಿಸುವ ಸ್ಥಿತಿಯಲ್ಲೂ ಇಲ್ಲ.

ಮಿಂಟ್_ಶಿರಸಿ:

ಟೈಪ್ ಮಾಡುವುದು ಬೇಡ. ಕಾನ್ವ್‌ಎಂವಿ ಅಂತ ಒಂದು ಸಣ್ಣ ಪ್ರೋಗ್ರಾಂ ಇದೆ, ಮಿಂಟ್‌ನ ಸಾಫ್ಟ್‌ವೇರ್ ಪಟ್ಟಿಯಲ್ಲೇ ಸಿಗುತ್ತದೆ. ಅದು ಹೆಸರನ್ನು ಮಾತ್ರ ಬದಲಿಸುತ್ತದೆ, ಫೈಲಿನ ಒಳಗಿನ ಧ್ವನಿಗೆ ಕೈ ಹಾಕುವುದಿಲ್ಲ. ಹಳೇ ಹೆಸರು, ಹೊಸ ಹೆಸರು ಎರಡರ ಸಂಕೇತಕ್ಕೂ ಯುಟಿಎಫ್8, ಜೊತೆಗೆ ಒಡೆದ ಚಿಹ್ನೆಗಳನ್ನು ಕೂಡಿಸುವ ಎನ್‌ಎಫ್‌ಸಿ ಆಯ್ಕೆ, ಒಳಗಿನ ಫೋಲ್ಡರುಗಳಿಗೂ ಹೋಗುವ ಆಯ್ಕೆ ಕೊಟ್ಟು ಓಡಿಸಿ. ಸುಮ್ಮನೆ ಓಡಿಸಿದರೆ ಅದು ಏನನ್ನೂ ಬದಲಿಸುವುದಿಲ್ಲ, ಏನು ಬದಲಿಸುತ್ತೇನೆ ಅಂತ ಪಟ್ಟಿ ಮಾತ್ರ ತೋರಿಸುತ್ತದೆ. ಆ ಪಟ್ಟಿ ಓದಿ, ಸರಿ ಅನ್ನಿಸಿದ ಮೇಲೆ ನೋಟೆಸ್ಟ್ ಅನ್ನುವ ಆಯ್ಕೆ ಸೇರಿಸಿ ಮತ್ತೆ ಓಡಿಸಿ. ಆಗ ನಿಜವಾಗಿ ಬದಲಾಗುತ್ತದೆ.

ಅದಕ್ಕೂ ಮೊದಲು ಇಡೀ ಸಂಗ್ರಹದ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿಗೆ ಹಾಕಿ. ಮ್ಯಾಕ್‌ನಲ್ಲಿ ಇದೆಯಲ್ಲ ಅಂತ ನಂಬಿ ಕೂರಬೇಡಿ, ಆ ಡಿಸ್ಕಿನ ಲಕ್ಷಣ ಸರಿ ಇಲ್ಲ.

ಉದ್ದ ಹೆಸರಿನವುಗಳನ್ನು ಮ್ಯಾಕ್‌ನಲ್ಲೇ ಚಿಕ್ಕದು ಮಾಡಿ ಕಾಪಿ ಮಾಡಿ. ಹೆಸರು ಬದಲಿಸುವ ಮೊದಲು ಅರ್ಥಧಾರಿಗಳ ಹೆಸರು ಕಾಮೆಂಟಿನಲ್ಲಿ ಪೂರ್ತಿ ಇದೆಯಾ ನೋಡಿ, ಇಲ್ಲದಿದ್ದರೆ ಮೊದಲು ಅಲ್ಲಿ ತುಂಬಿ. ಆರ್‌ಸಿಂಕ್‌ನಲ್ಲೇ ದಾರಿಯಲ್ಲಿ ಕೂಡಿಸಿಕೊಂಡು ತರುವ ಆಯ್ಕೆ ಇದೆ, ಆದರೆ ಅದು ಬಂದದ್ದು 3.0ರಿಂದ. ನಿಮ್ಮ ಮ್ಯಾಕ್ ಜೊತೆ ಬಂದಿರುವುದು 2.6.9, ಅದಕ್ಕೆ ಗೊತ್ತಿಲ್ಲ. ಅದನ್ನು ಹೊಸದಾಗಿ ಹಾಕುವ ಗೋಜು ಬೇಡ.

ಇದಾದ ಮೇಲೆ ಸ್ಟ್ರಾಬೆರಿಯಲ್ಲಿ ಸಂಗ್ರಹವನ್ನು ಪೂರ್ತಿ ಮರುಸ್ಕ್ಯಾನ್ ಮಾಡಿ, ಹಳೇ ಹೆಸರಿನ ದಾಖಲೆಗಳು ಅದರಲ್ಲಿ ಉಳಿದಿರುತ್ತವೆ. ಸ್ಟಾರ್ ತುಂಬುವ ಸ್ಕ್ರಿಪ್ಟನ್ನು ಓಡಿಸುವುದು ಅದರ ನಂತರವೇ. ಪ್ರಾರಂಭದ ಸಮಯಕ್ಕೆ ಎಲ್ಲ ಪ್ಲೇಯರ್‌ಗಳಲ್ಲೂ ಜಾಗ ಇಲ್ಲ, ಅದನ್ನೂ ಕಾಮೆಂಟಿಗೇ ಸೇರಿಸಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಕಾನ್ವ್‌ಎಂವಿ ತೋರಿಸಿದ ಪಟ್ಟಿಯ ನಾಲ್ಕು ಸಾಲು ಇಲ್ಲಿ ಹಾಕಿ, ನೋಡುತ್ತೇನೆ.