ಐಸ್‌ಲ್ಯಾಂಡ್ ರಿಂಗ್ ರೋಡಿಗೆ ಸಣ್ಣ ಕಾರು ಸಾಕಾ? ಹೋಗಿ ಬಂದವರು ಹೇಳಿ

ಡಬ್ಲಿನ್ ಹುಡುಗ: ಸೆಪ್ಟೆಂಬರ್ ಕೊನೆಗೆ ಎಂಟು ದಿನ, ಬಾಡಿಗೆ ಕಾರಲ್ಲಿ, ಐಸ್‌ಲ್ಯಾಂಡ್ ಸುತ್ತಿ ಬರುವ ರಿಂಗ್ ರೋಡಿನಲ್ಲಿ. ನಾನು, ಹೆಂಡತಿ, ಅಪ್ಪ, ಅಮ್ಮ. ಫೋರ್ ವೀಲ್ ಡ್ರೈವ್ ಬೇಕೇ ಬೇಕಾ? ಅಮ್ಮನಿಗೆ ಮಂಡಿ ನೋವು ಬೇರೆ.

ಲೀಡ್ಸ್ ಅಮ್ಮ: ಯಾವ ಕಾರಾದರೂ ತಗೊಳ್ಳಿ, ಬಾಗಿಲು ಜೋಪಾನ. ಯೋಕುಲ್ಸಾರ್ಲೋನ್ ಹಿಮನದಿ ಸರೋವರದ ಪಾರ್ಕಿಂಗ್‌ನಲ್ಲಿ ಗಾಳಿ ಹಿಂದಿನಿಂದ ಬೀಸುತ್ತಿತ್ತು. ಮಗಳು ಬಾಗಿಲು ತೆಗೆದದ್ದೇ ತಡ, ಗಾಳಿ ಅದನ್ನು ಕೈಯಿಂದ ಕಿತ್ತು ಮುಂದಕ್ಕೆ ಮಡಚಿಹಾಕಿತು. ಕೀಲು ಬಾಗಿತು, ಮುಂದಿನ ತಗಡು ನೆಗ್ಗಿತು, ಬಾಗಿಲು ಮುಚ್ಚಲೇ ಇಲ್ಲ. ನನ್ನ ದುಪಟ್ಟಾದಲ್ಲಿ ಸೀಟಿಗೆ ಬಿಗಿದು ಕಟ್ಟಿ, ಹೋಪ್ನ್ ಊರಿನ ತನಕ 80 ಕಿ.ಮೀ. ನಡುಗುತ್ತಾ ಹೋದೆವು. ಬಿಲ್ಲು 3,40,000 ಕ್ರೋನಾ! ಗಾಳಿಗೆ ಹಾರುವ ಮರಳು, ಬೂದಿಯಿಂದ ಕಾರು ಹಾಳಾದರೆ ಅಂತ ಇರುವ ಇನ್ಶೂರೆನ್ಸ್‌ಗೆ ದಿನಕ್ಕಿಷ್ಟು ಅಂತ ಕೊಟ್ಟಿದ್ದೆ. ಬಾಗಿಲು ಅದರಲ್ಲಿ ಬರಲ್ಲ ಎಂದರು ಬಾಡಿಗೆ ಕಂಪನಿಯವರು. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಗೋಥೆನ್‌ಬರ್ಗ್ ರಾಯರು: ಗಾಳಿಗೆ ಮುಖ ಮಾಡಿ ನಿಲ್ಲಿಸಬೇಕು, ಎರಡೂ ಕೈಯಲ್ಲಿ ಬಾಗಿಲು ಹಿಡಿಯಬೇಕು. ಇದು ಎಲ್ಲರಿಗೂ ಗೊತ್ತಿರೋದೇ ಅಲ್ವಾ ಮೇಡಂ? ನಾವು ಎರಡು ಸಲ ಪೂರ್ತಿ 1,322 ಕಿ.ಮೀ. ಸುತ್ತಿದ್ದೇವೆ, ಸಣ್ಣ ಕಾರಲ್ಲೇ. 2019ರಿಂದ ರಿಂಗ್ ರೋಡ್ ಪೂರ್ತಿ ಡಾಂಬರು. ಉಳಿದ ದುಡ್ಡಲ್ಲಿ ಮೀವಾಟ್ನ್‌ನಲ್ಲಿ ಎರಡು ರಾತ್ರಿ ಜಾಸ್ತಿ ಇದ್ದೆವು. ದೊಡ್ಡ ಕಾರು ಸುಮ್ನೆ ದಂಡ.

ಲೀಡ್ಸ್ ಅಮ್ಮ: ಹದಿಮೂರು ವರ್ಷದ ಮಗು ಸರ್ ಅವಳು. ಆ ಗಾಳೀಲಿ ನಿಂತು ನೋಡಿ, ಆಮೇಲೆ ಬುದ್ಧಿ ಹೇಳಿ.

ಬರ್ಲಿನ್ ಹಾಸನದವ: ಡಾಂಬರು ರಿಂಗ್ ರೋಡಿಗೆ ಮಾತ್ರ ರಾಯರೇ. ಮ್ಯಾಪ್ ನನ್ನನ್ನು ಹತ್ತಿರದ ದಾರಿ ಅಂತ 939ನೇ ನಂಬರ್ ರಸ್ತೆಗೆ, ಓಕ್ಸಿ ಘಾಟಿಗೆ ಹತ್ತಿಸಿತು. ಪೂರ್ತಿ ಜಲ್ಲಿ ರಸ್ತೆ. ಮಂಜಿನಲ್ಲಿ ಬಾನೆಟ್ಟೇ ಕಾಣಲಿಲ್ಲ. ಎದುರು ಬಂದ ಗಾಡಿಯಿಂದ ಕಲ್ಲು ಸಿಡಿದು ಗಾಜಿನಲ್ಲಿ ಎಂಟಾಣೆಯಷ್ಟು ಬಿರುಕು. ಅದಕ್ಕೊಂದು ಬಿಲ್ಲು. ಅಕುರೇರಿ ಹತ್ತಿರದ ಸುರಂಗಕ್ಕೆ ಟೋಲ್ ಗೇಟ್ ಇಲ್ಲ, ಆನ್‌ಲೈನಲ್ಲಿ ಕಟ್ಟಬೇಕು. ಮರೆತೆ. ಬಾಡಿಗೆ ಕಂಪನಿ ಟೋಲ್ ಜೊತೆ ತನ್ನ ಚಾರ್ಜೂ ಸೇರಿಸಿ ಕಾರ್ಡಿಂದ ಎಳೆಯಿತು. ಒಂದೇ ಸಮಾಧಾನ ಅಂದ್ರೆ ರೈಸ್ ಕುಕ್ಕರ್ ಒಯ್ದಿದ್ದೆ.

ಗೋಥೆನ್‌ಬರ್ಗ್ ರಾಯರು: ಅಷ್ಟು ದೂರ ಹೋಗಿಯೂ ಅನ್ನ ಸಾರೇನಾ? ಅಲ್ಲಿನ ಗಟ್ಟಿ ಮೊಸರಿನಂಥ ಸ್ಕಿರ್, ರೈ ಬ್ರೆಡ್ ತಿನ್ನಿ. ನಿಮ್ಮಂಥವರು ಒಗ್ಗರಣೆ ಹಾಕಿ ಹೊಗೆ ಅಲಾರಂ ಹೊಡೆಸಿ, ಗೆಸ್ಟ್‌ಹೌಸ್‌ನವರು ನಮ್ಮನ್ನೂ ಅನುಮಾನದಿಂದ ನೋಡುತ್ತಾರೆ.

ಬರ್ಲಿನ್ ಹಾಸನದವ: ಒಗ್ಗರಣೆ ಹಾಕಿಲ್ಲ. ಊರಿಂದ ತಂದ ಚಟ್ನಿಪುಡಿ, ತುಪ್ಪ, ಅನ್ನ. ಅಪ್ಪನಿಗೆ ಶುಗರ್, ಹೊತ್ತಿಗೆ ಸರಿಯಾಗಿ ಊಟ ಆಗಬೇಕು. ರಾತ್ರಿ ಒಂಬತ್ತಕ್ಕೆ ಎಗಿಲ್ಸ್‌ಸ್ಟಾದಿರ್ ಮುಟ್ಟಿದಾಗ ಹೋಟೆಲ್ ಅಡುಗೆಮನೆ ಮುಚ್ಚಿತ್ತು. ಆ ಕುಕ್ಕರ್ ಇಲ್ಲದಿದ್ದರೆ ಅವರಿಗೆ ಏನು ಕೊಡುತ್ತಿದ್ದೆ, ನೀವೇ ಹೇಳಿ.